ಹೆಸರಿಗಿಂತ ಮುಂದೆ ಡಿಗ್ರಿ

ಪೋರ್ಚುಗಲ್‌ನಲ್ಲಿ ಡಿಗ್ರಿ ಮುಗಿಸಿದವರನ್ನು ‘ಸೆನ್ಯೋರ್ ದೊತೋರ್’, ಅಂದರೆ ‘ಶ್ರೀಮಾನ್ ಡಾಕ್ಟರ್’ ಅಂತ ಕರೆಯುವ ರೂಢಿ ಇದೆ. ಅದಕ್ಕೆ ವೈದ್ಯರೇ ಆಗಬೇಕಿಲ್ಲ, ಪಿಎಚ್.ಡಿಯೂ ಬೇಕಿಲ್ಲ. ಎಂಜಿನಿಯರ್ ಆದರೆ ಅವರಿಗೆ ಬೇರೆಯೇ ಬಿರುದು. ಡಿಗ್ರಿ ಇಲ್ಲದ ಹೆಂಗಸಿನ ಹೆಸರಿನ ಮುಂದೆ ಸಾಮಾನ್ಯವಾಗಿ ‘ದೋನ’ ಸೇರಿಸುತ್ತಾರೆ. ಅದೂ ಮರ್ಯಾದೆಯ ಮಾತೇ, ನಿಜ. ಆದರೆ ಯಾರು ಎಷ್ಟು ಓದಿದ್ದಾರೆ ಅಂತ ಕರೆಯುವಾಗಲೇ ಗೊತ್ತಾಗಿಬಿಡುತ್ತದಲ್ವಾ? ನನಗೆ ಇದು ಬೇಸರ ತರಿಸುತ್ತದೆ.

ಅದೇ ಪೋರ್ಚುಗೀಸ್ ಭಾಷೆಯ ಇನ್ನೊಂದು ರೀತಿ ಮಾತ್ರ ತುಂಬಾ ಇಷ್ಟ. ಎದುರಿನವರನ್ನು ಕರೆಯಲು ಬ್ರೆಜಿಲ್‌ನಲ್ಲಿ ಹೆಚ್ಚಿನವರು ದಿನವೂ ಬಳಸುವ ಸರ್ವನಾಮ ‘ವೊಸೆ’, ಪೋರ್ಚುಗಲ್‌ನಲ್ಲಿ ಹಲವರಿಗೆ ಒರಟಾಗಿ ಕೇಳಿಸುತ್ತದೆ. ‘ತು’ (ನೀನು) ಅಂತ ಕರೆದರೆ ಸಲಿಗೆ ಜಾಸ್ತಿಯಾಯಿತು. ಹಾಗಾಗಿ ಎದುರಿಗೆ ಕೂತ ಮರಿಯಾಳನ್ನೇ ‘ಮರಿಯಾಗೆ ಕಾಫಿ ಬೇಕಾ?’ ಅಂತ ಕೇಳುತ್ತಾರೆ. ಸರ್ವನಾಮದ ಗೊಡವೆಯೇ ಇಲ್ಲ. ದೂರವೂ ಅಲ್ಲ, ಸಲಿಗೆಯೂ ಅಲ್ಲ. ಎಷ್ಟು ಚೆಂದದ ಉಪಾಯ!

ಬ್ರೆಜಿಲ್ ಸರ್ಕಾರ 2019ರ ಏಪ್ರಿಲ್‌ನಲ್ಲಿ ಒಂದು ಆದೇಶ ಹೊರಡಿಸಿತು. ಕೇಂದ್ರ ಆಡಳಿತದ ಅಧಿಕಾರಿಗಳನ್ನು ಬರಹದಲ್ಲೂ ಮಾತಲ್ಲೂ ಬರೀ ‘ಸೆನ್ಯೋರ್’ ಅಥವಾ, ಹೆಂಗಸಾದರೆ, ‘ಸೆನ್ಯೋರ’ ಅಂದರೆ ಸಾಕು, ಹುದ್ದೆ ಯಾವುದೇ ಇರಲಿ. ‘ಘನತೆವೆತ್ತ’ ಥರದ ಮಾತು, ‘ದೊತೋರ್’ ಎಲ್ಲ ಬೇಡ ಅಂತ ಅದರಲ್ಲೇ ಬರೆದಿದ್ದಾರೆ. ನಮ್ಮ ಕಚೇರಿಗಳಿಗೂ ಇಂಥದ್ದೊಂದು ಬಂದರೆ ನಾನಂತೂ ಖುಷಿಪಡುತ್ತೇನೆ.