ಇಪ್ಪತ್ತಾರು ದಿನದ ತಿಂಗಳು

2019ರ ಜನವರಿಯ ಒಂದು ಭಾನುವಾರ. ಮಾರನೇ ದಿನ ನನಗೆ ಕಾರ್ಮಿಕ ಕಾನೂನಿನ ಪರೀಕ್ಷೆ. ಪೀಣ್ಯದ ಬಾಡಿಗೆ ಮನೆಯಲ್ಲಿ ಓದಲು ಬೇರೆ ಕೋಣೆ ಇರಲಿಲ್ಲ. ಅಡುಗೆಮನೆ ಬಾಗಿಲಲ್ಲೇ ಕೂತು 1972ರ ಗ್ರಾಚ್ಯುಟಿ ಕಾಯ್ದೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಗ್ರಾಚ್ಯುಟಿ ಅಂದರೆ ಕೆಲಸ ಬಿಡುವಾಗ, ದುಡಿದ ವರ್ಷಗಳ ಲೆಕ್ಕದಲ್ಲಿ ಮಾಲೀಕರು ಕೊಡಬೇಕಾದ ಹಣ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದರು.

"ಐದು ವರ್ಷ ಸತತವಾಗಿ ದುಡಿದವರು ನಿವೃತ್ತರಾದಾಗ, ರಾಜೀನಾಮೆ ಕೊಟ್ಟಾಗ..."

ಅಮ್ಮನ ಕೈ ನಿಂತಿತು. "ರಾಜೀನಾಮೆ ಕೊಟ್ರೂ ಸಿಗುತ್ತಾ?"

ಅಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದರು. ಶರ್ಟಿಗೆ ಕಾಲರ್ ಕೂಡಿಸುವ ಕೆಲಸ. 9 ವರ್ಷ 7 ತಿಂಗಳು ಮಾಡಿದ್ದರು. ಬೆನ್ನುನೋವು ತಡೆಯಲಾರದೆ ಹಿಂದಿನ ಮೇ ತಿಂಗಳಲ್ಲಿ ಬಿಟ್ಟರು. "ನೀವಾಗೇ ಬಿಡ್ತಿದ್ದೀರಿ, ಪಿ.ಎಫ್. ಬಿಟ್ಟರೆ ಇನ್ನೇನೂ ಬರಲ್ಲ" ಎಂದು ಕಂಪನಿಯವರು ಹೇಳಿದ್ದನ್ನು ನಂಬಿ ಸಹಿ ಹಾಕಿ ಬಂದಿದ್ದರು. ಅಷ್ಟೂ ದಿನ ಆ ಪಠ್ಯಪುಸ್ತಕ ನನ್ನ ಬ್ಯಾಗಿನಲ್ಲೇ ಇತ್ತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಬೀರುವಿನಿಂದ ಪ್ಲಾಸ್ಟಿಕ್ ಕವರ್ ತಂದರು. ಸಂಬಳದ ಸ್ಲಿಪ್‌ಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ಹಳೆಯವುಗಳ ಅಕ್ಷರವೇ ಮಾಸಿತ್ತು. ಕೊನೆಯ ತಿಂಗಳದ್ದು ನೋಡಿದೆ. ಮೂಲ ವೇತನ, ತುಟ್ಟಿಭತ್ಯೆ ಸೇರಿ 8,320 ರೂಪಾಯಿ. ಆರು ತಿಂಗಳಿಗಿಂತ ಜಾಸ್ತಿ ಆದರೆ ಅದು ಪೂರ್ತಿ ವರ್ಷದ ಲೆಕ್ಕ, ಹಾಗಾಗಿ 10 ವರ್ಷ. ವರ್ಷಕ್ಕೆ 15 ದಿನದ ಸಂಬಳ. ಸಂಬಳವನ್ನು 26ರಿಂದ ಭಾಗಿಸಿ 15ರಿಂದ, ಆಮೇಲೆ 10ರಿಂದ ಗುಣಿಸಿದೆ.

"ತಿಂಗಳಿಗೆ 30 ದಿನ ಅಲ್ವಾ?" ಅಮ್ಮ ಕೇಳಿದರು.

ನಾಲ್ಕು ಭಾನುವಾರ ರಜೆ, ನೀನು ದುಡಿದದ್ದು 26 ದಿನ, ಆ ಸಂಬಳ ಅಷ್ಟೂ 26 ದಿನದ ದುಡಿಮೆಯದ್ದು ಅಂದೆ. 30ರಿಂದ ಭಾಗಿಸಬೇಕು ಎಂದು ಮಾಲೀಕರು ಸುಪ್ರೀಂ ಕೋರ್ಟ್‌ವರೆಗೂ ಹೋಗಿದ್ದರು. ಕೋರ್ಟ್ 26ನ್ನೇ ಎತ್ತಿಹಿಡಿಯಿತು. 1987ರ ತಿದ್ದುಪಡಿಯಲ್ಲಿ ಅದು ಕಾಯ್ದೆಯೊಳಗೇ ಬಂತು. ಅಮ್ಮನ ಲೆಕ್ಕದಲ್ಲಿ 30ಕ್ಕೂ 26ಕ್ಕೂ ಇರುವ ವ್ಯತ್ಯಾಸ 6,400 ರೂಪಾಯಿ. ಒಟ್ಟು 48,000. ಅಮ್ಮ ಆ ಸಂಖ್ಯೆಯ ಕೆಳಗೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದರು.

ಅರ್ಜಿ ತಾವೇ ಬರೆಯುತ್ತೇನೆ ಎಂದರು. ಏಳನೇ ಕ್ಲಾಸಿನವರೆಗೆ ಓದಿದವರು. "ತಾವು ದೊಡ್ಡ ಮನಸ್ಸು ಮಾಡಿ ಸಹಾಯ ಮಾಡಬೇಕಾಗಿ ಬೇಡಿಕೊಳ್ಳುತ್ತೇನೆ" ಎಂದು ಶುರುಮಾಡಿದ್ದರು. ಕಾಯ್ದೆಯ 7ನೇ ಸೆಕ್ಷನ್ ಓದಿ ಹೇಳಿದೆ. ಕೆಲಸಗಾರರು ಅರ್ಜಿ ಕೊಡಲಿ, ಬಿಡಲಿ, ಲೆಕ್ಕ ಹಾಕಿ ತಿಳಿಸುವುದು ಮಾಲೀಕರ ಕೆಲಸ. 30 ದಿನದೊಳಗೆ ಹಣ ಕೊಡಬೇಕು. ಅರ್ಜಿ ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲ.

"ಹಾಗಾದ್ರೆ ಇದು ನನ್ನ ದುಡ್ಡೇ?"

"ನಿನ್ನದೇ."

ಆ ಹಾಳೆ ಹರಿದರು. ಹೊಸ ಹಾಳೆಯಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಬರೆದರು: "ನನಗೆ ಬರಬೇಕಾದ ಗ್ರಾಚ್ಯುಟಿ ಹಣ ರೂ. 48,000 ಕೊಡಬೇಕು."

ಮಂಗಳವಾರ ಇಬ್ಬರೂ ಫ್ಯಾಕ್ಟರಿಗೆ ಹೋದೆವು. ಗೇಟಿನವರು ಸುಮ್ನೆ ಕೊಟ್ಟು ಹೋಗಿ ಅಂದರು. ನಕಲಿನ ಮೇಲೆ ಸೀಲು, ತಾರೀಖು ಬೀಳುವ ತನಕ ಅಮ್ಮ ಕದಲಲಿಲ್ಲ. ಅರ್ಧ ಗಂಟೆ ನಿಂತೇ ಇದ್ದರು. ಉತ್ತರ ಬರಲಿಲ್ಲ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ದೂರು ಕೊಡುತ್ತೇವೆ ಎಂದು ಎರಡನೇ ಪತ್ರ ಬರೆದ ಮೇಲೆ, ಏಪ್ರಿಲ್‌ನಲ್ಲಿ, 48,000 ಖಾತೆಗೆ ಬಿತ್ತು. ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು ಅನ್ನುವುದೂ ಕಾನೂನೇ. ಅದನ್ನು ಕೊಡಲಿಲ್ಲ. ಅಮ್ಮ ಸಾಕು ಬಿಡು ಅಂದರು. ನನಗೆ ಇವತ್ತಿಗೂ ಸಾಕು ಅನ್ನಿಸಿಲ್ಲ.

ಮುಂದಿನ ಭಾನುವಾರ ಅಮ್ಮನ ಲೈನಿನಲ್ಲಿದ್ದ ಇಬ್ಬರು ಮನೆಗೆ ಬಂದರು. ಒಬ್ಬಳಿಗೆ ಕೆಲಸಕ್ಕೆ ಸೇರಿ ನಾಲ್ಕು ವರ್ಷ ಮೂರು ತಿಂಗಳು. ಟಾರ್ಗೆಟ್ ಕಾಟಕ್ಕೆ ಬಿಡಬೇಕು ಅಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದರು. "ಇನ್ನು ಒಂಬತ್ತು ತಿಂಗಳು ಹಲ್ಲು ಕಚ್ಚಿಕೊಂಡಿರು. ಸ್ಲಿಪ್ ಒಂದೂ ಬಿಸಾಕಬೇಡ."