ಸಿಗದ ನರ

ನರ್ಸಾಗಿ ಮಕ್ಕಳ ವಾರ್ಡಿಗೆ ಬಂದ ಹೊಸತರಲ್ಲಿ ನನಗೊಂದು ಚಾಳಿಯಿತ್ತು. ವಾಂತಿ-ಭೇದಿಯಾಗಿ ಬತ್ತಿಹೋದ ಕೂಸು ಬಂತೆಂದರೆ ಸಾಕು, ನನಗೆ ಸ್ಟಾಕ್ ರಿಜಿಸ್ಟರ್ ಬರೆಯುವ ಕೆಲಸ ನೆನಪಾಗುತ್ತಿತ್ತು. ಮೈಯಲ್ಲಿ ನೀರು ಕಡಿಮೆಯಾದ ಮಕ್ಕಳ ನರ ಸುಲಭಕ್ಕೆ ಸಿಗುವುದಿಲ್ಲ. ಕೈಯಲ್ಲಿ ಹಳದಿ ಬಣ್ಣದ 24 ಗೇಜ್ ಕ್ಯಾನುಲಾ (ಡ್ರಿಪ್ ಕೊಡಲು ನರದೊಳಗೆ ತೂರಿಸುವ ಸಣ್ಣ ಕೊಳವೆ), ಮುಂದೆ ದಾರದಂಥ ನರ, ಪಕ್ಕದಲ್ಲಿ ಅಳುವ ತಾಯಿ. ರಿಜಿಸ್ಟರ್ ಅಳುವುದಿಲ್ಲವಲ್ಲ!

ಒಂದು ರಾತ್ರಿ ಪಾಳಿಯಲ್ಲಿ ಜೊತೆಯವಳು ಬೇರೆ ವಾರ್ಡಿಗೆ ಹೋಗಿದ್ದಾಗ ಅಂಥದೇ ಕೂಸು ಬಂತು. ಎರಡು ಸಲ ಚುಚ್ಚಿದೆ, ಸಿಗಲಿಲ್ಲ. ಕೈ ನಡುಗತೊಡಗಿತು. "ಇನ್ನೆಷ್ಟು ಸಲ ಚುಚ್ತೀರ ಸಿಸ್ಟರ್?" ಅಂದರು ಮಗುವಿನ ಅಜ್ಜಿ. ಡ್ಯೂಟಿ ಡಾಕ್ಟರು ಬಂದು ಹಾಕಿದರು, ಮಗು ಬೆಳಗಾಗುವಷ್ಟರಲ್ಲಿ ಕಣ್ಣು ಬಿಟ್ಟು ನೋಡುತ್ತಿತ್ತು. ಅಷ್ಟು ದಿನ ತಪ್ಪಿಸಿಕೊಂಡದ್ದಕ್ಕೆ ನಾನು ಮಾತ್ರ ಒಂದೇ ರಾತ್ರಿ ಬಡ್ಡಿ ಸಮೇತ ಕಟ್ಟಿದೆ.

ಮಾರನೆಯ ದಿನ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಕೇಳಿಕೊಂಡೆ: ಹಗಲು ಪಾಳಿಯಲ್ಲಿ, ನೀವು ಪಕ್ಕದಲ್ಲಿರುವಾಗ, ಕಷ್ಟದ ನರ ನನಗೇ ಕೊಡಿ. ಅವರು ಒಪ್ಪಿದರು, ಆದರೆ ಬೆರಳು ತೋರಿಸಿ ಹೇಳಿದರು: "ಎರಡೇ ಸಲ. ಮೂರನೆಯದಕ್ಕೆ ಕೈ ಹಾಕಬೇಡ. ನಿನ್ನ ಧೈರ್ಯ ಬೆಳೆಸೋಕೆ ಅಂತ ಆ ಮಗು ಬಂದಿಲ್ಲ."

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಕಷ್ಟ ಆರಿಸಿಕೊಳ್ಳುವವಳು ನಾನು, ನೋವು ತಿನ್ನುವುದು ಮಗು ಅಂದರೆ ಯಾವ ನ್ಯಾಯ? ಹಾಗಾಗಿ ನನ್ನ ಮೈಗೇ ತಾಗುವ ಕಷ್ಟಗಳನ್ನು ಹುಡುಕಿದೆ. ಚುಚ್ಚುವ ಮೊದಲು ಹತ್ತು ನಿಮಿಷ ತಾಳ್ಮೆಯಿಂದ ಕೂರುವುದು: ಬೆಚ್ಚನೆ ಬಟ್ಟೆ ಸುತ್ತಿ, ದೀಪ ಆರಿಸಿ, ಪುಟ್ಟ ಅಂಗೈ ಕೆಳಗೆ ಬಿಸಿಯಾಗದ ಟಾರ್ಚ್ ಹಿಡಿದರೆ ನರ ಕಪ್ಪು ಗೆರೆಯಂತೆ ಕಾಣುತ್ತದೆ. ಇನ್ನೊಂದು, ಗೊಂಬೆಯ ಮೇಲೆ ಸಿಪಿಆರ್, ಅಂದರೆ ಹೃದಯ ನಿಂತಾಗ ಎದೆ ಒತ್ತಿ ಉಸಿರು ಕೊಡುವ ಅಭ್ಯಾಸ ಮಾಡಿಸುವಾಗ ಮೊದಲು ಎದ್ದು ನಿಲ್ಲುವುದು. ಇದನ್ನು ಮಾಡುವವರು ಇಬ್ಬರಿರುವಾಗ ಮಗುವಿಗೆ 15 ಸಲ ಎದೆ ಒತ್ತಿ 2 ಸಲ ಉಸಿರು ಕೊಡಬೇಕು. ನಾನು ದೊಡ್ಡವರ ಲೆಕ್ಕದಲ್ಲಿ 30ರವರೆಗೆ ಎಣಿಸುತ್ತಾ ಹೋದೆ. ಇಡೀ ಬ್ಯಾಚ್ ನಕ್ಕಿತು. ಆ ಲೆಕ್ಕ ಮತ್ತೆಂದೂ ತಪ್ಪಿಲ್ಲ.

ಡೊನಾಲ್ಡ್ ಮೈಕೆನ್‌ಬಾಮ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ರೂಪಿಸಿದ, ಒತ್ತಡ ಎದುರಿಸುವ ತರಬೇತಿಯ ಹೆಸರಿನಲ್ಲೇ 'ಇನಾಕ್ಯುಲೇಶನ್' ಇದೆ, ಅಂದರೆ ಚುಚ್ಚುಮದ್ದು. ತಡೆದುಕೊಳ್ಳುವಷ್ಟೇ ಒತ್ತಡವನ್ನು ಮೊದಲೇ ಕೊಟ್ಟು ಮನಸ್ಸನ್ನು ಅಣಿಗೊಳಿಸುವುದು. ಲಸಿಕೆ ಹಾಕುವವಳಿಗೆ ಇದನ್ನು ಬಿಡಿಸಿ ಹೇಳಬೇಕೇ? ಡೋಸ್ ಹೆಚ್ಚಾದರೆ ಅದು ಲಸಿಕೆಯಲ್ಲ. ತಣ್ಣೀರು ಸ್ನಾನ ಮಾಡಿದರೆ ಮನಸ್ಸು ಗಟ್ಟಿಯಾಗುತ್ತದೆ ಅನ್ನುವ ವಿಡಿಯೋಗಳನ್ನು ನನ್ನ ಯಜಮಾನರು ದಿನಾ ಕಳಿಸುತ್ತಾರೆ. ಆಗಲಿ, ಒಳ್ಳೆಯದೇ. ಆದರೆ ನನ್ನ ಭಯ ಬಚ್ಚಲಲ್ಲಿರಲಿಲ್ಲ, ನಾಲ್ಕನೇ ನಂಬರ್ ಬೆಡ್ಡಿನ ಹತ್ತಿರ ಇತ್ತು.

ಮೊನ್ನೆ ಅಂಥದೇ ಕೂಸು ಬಂದಾಗ ಹೊಸ ಹುಡುಗಿ ಮೆಲ್ಲಗೆ ಸ್ಟಾಕ್ ರಿಜಿಸ್ಟರ್ ತೆರೆದಳು. ಅದನ್ನು ಇಸಕೊಂಡು ಟಾರ್ಚ್ ಅವಳ ಕೈಗಿಟ್ಟೆ. ನರ ಹುಡುಕಿದ್ದು ಅವಳು, ಚುಚ್ಚಿದ್ದು ನಾನು. ಸೋಮವಾರ ಇಬ್ಬರಿಗೂ ಹಗಲು ಪಾಳಿ. ಅವತ್ತು ಟಾರ್ಚ್ ನಾನು ಹಿಡಿಯುತ್ತೇನೆ ಅಂದಿದ್ದೇನೆ.