ಹೆಲ್ಸಿಂಕಿಯ ಕಡಲಕೋಟೆಯಲ್ಲಿ

ಅಪ್ಪ, ಅಮ್ಮ ಊರಿನಿಂದ ಬಂದಿರುವುದರಿಂದ ಈ ಭಾನುವಾರ ಮನೆಮಂದಿಯೆಲ್ಲ ಫಿನ್‌ಲ್ಯಾಂಡಿನ ರಾಜಧಾನಿ ಹೆಲ್ಸಿಂಕಿಯ ಬಂದರಿನಲ್ಲಿ ಫೆರ್ರಿ ಹತ್ತಿ, ಕಾಲು ಗಂಟೆಯಲ್ಲಿ ಸುವೊಮೆನ್‌ಲಿನ್ನ ಕೋಟೆಯನ್ನು ತಲುಪಿದೆವು. ರಷ್ಯಾವನ್ನು ತಡೆಯಲೆಂದು, ಆಗ ಫಿನ್‌ಲ್ಯಾಂಡನ್ನು ಆಳುತ್ತಿದ್ದ ಸ್ವೀಡನ್ 1748ರಲ್ಲಿ ಹಲವು ದ್ವೀಪಗಳ ಮೇಲೆ ಕಟ್ಟಲಾರಂಭಿಸಿದ ಈ ಕೋಟೆ, 1808ರ ಮುತ್ತಿಗೆಯಲ್ಲಿ ಗೋಡೆಗಳು ಗಟ್ಟಿಯಾಗಿರುವಾಗಲೇ ಶರಣಾಗಿ, ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ರಷ್ಯನ್ನರ ಕೈಯಲ್ಲಿತ್ತು. ಆ ಒರಟು ಕಲ್ಲುಗಳನ್ನು ಮುಟ್ಟಿ ನೋಡುವಾಗ, ಶರಣಾದ ಸೇನಾಪತಿಗಿಂತ ಹೆಚ್ಚಾಗಿ, ದಶಕಗಳ ಕಾಲ ಇವನ್ನು ಹೊತ್ತು ಜೋಡಿಸಿದ ಹೆಸರಿಲ್ಲದ ಸೈನಿಕರೇ ನನಗೆ ನೆನಪಾದರು.

ದಕ್ಷಿಣದ ತುದಿಯಲ್ಲಿ ಹುಲ್ಲು ಬೆಳೆದ ದಿಬ್ಬಗಳ ನಡುವೆ ರಷ್ಯನ್ನರ ಕಾಲದ ಫಿರಂಗಿಗಳು ಇಂದಿಗೂ ಕಡಲಿಗೆ ಮುಖಮಾಡಿ ನಿಂತಿವೆ. ಅವುಗಳ ಎದುರಿನ ಕಿರಿದಾದ ಜಲಮಾರ್ಗದಲ್ಲಿ ಸ್ಟಾಕ್‌ಹೋಮ್‌ಗೆ ಹೊರಟ ಬಹುಮಹಡಿ ಹಡಗು ಕೈಗೆಟುಕುವಷ್ಟು ಸಮೀಪ ಹಾದುಹೋದಾಗ ಮಕ್ಕಳು ಕೈಬೀಸಿದರು, ಮೇಲಿನಿಂದ ಯಾರೋ ಮರಳಿ ಬೀಸಿದರು. ಇಲ್ಲಿ ಇಂದಿಗೂ ಸುಮಾರು 800 ಜನ ವಾಸಿಸುತ್ತಾರೆಂದು ತಿಳಿದ ಅಮ್ಮ, ಚಳಿಗಾಲದಲ್ಲಿ ದಿನಸಿಗೆ ಏನು ಮಾಡುತ್ತಾರೆಂದು ಬಹಳ ಕಾಳಜಿಯಿಂದ ವಿಚಾರಿಸಿದರು. ಫೆರ್ರಿ ವರ್ಷವಿಡೀ ಓಡುತ್ತದೆ, ದ್ವೀಪದಲ್ಲೇ ಒಂದು ಅಂಗಡಿಯೂ ಇದೆ ಎಂದ ಮೇಲೆಯೇ ಅವರಿಗೆ ಸಮಾಧಾನವಾಯಿತು. 1991ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ತಾಣವು ಹೀಗೆ ಜನರ ಮನೆಯಾಗಿಯೂ ಉಳಿದಿರುವುದು ನನಗೆ ಬಹಳ ಹಿಡಿಸಿತು.